ಮೂರನೆಯ ಕೂಗು

ಕೋರ್ಟಿನ ಪಡಸಾಲೆಯಲ್ಲಿ ಅಂದು ನನ್ನ ಪಕ್ಕ ಕುಳಿತಿದ್ದವಳು ಫಕ್ಕೀರವ್ವ. ರೊಟ್ಟಿ ಬಡಿದು ಮಾರಿ ಬದುಕುವ ವಿಧವೆ...

ಅವಳಿರುವ ಎರಡು ಖೋಲಿಯ ಮನೆ ತನ್ನದೆಂದು ಮೈದುನ ದಾವೆ ಹಾಕಿದ್ದ. ಆರು ವರ್ಷ ಕಳೆದು, ಅಂದು ಸಾಕ್ಷಿ ವಿಚಾರಣೆ ಶುರುವಾಗಬೇಕಿತ್ತು.

ಹತ್ತೂವರೆಗೆ ಅವಳ ವಕೀಲರು ಬಂದು ಕಾಗದದ ಕಟ್ಟನ್ನು ಅವಳ ಮಡಿಲಿಗಿಟ್ಟರು.

"ಈ ಕೇಸ್ ನಾ ನಡಸೂದಿಲ್ಲವ್ವ. ಬಿಡ್ತೀನಂತ ಕೋರ್ಟಿಗೆ ಬರದು ಕೊಟ್ಟೀನಿ. ಬ್ಯಾರೆಯವರನ್ನ ನೋಡ್ಕೊ."

ಅಷ್ಟೇ... ಹೊರಟುಹೋದರು.

"ಮನಿ ಹೋತ್ರಿ ಅಣ್ಣಾರ," ಎಂದಳು.

ಜವಾನ ಬಾಗಿಲಿಗೆ ಬಂದು ಕೂಗಿದ. "ಫಕ್ಕೀರವ್ವ ಕೋಂ ದ್ಯಾಮಪ್ಪ ಬಡಿಗೇರ..."

ಅವಳು ಏಳಲಿಲ್ಲ.

"ಏಳು ತಂಗಿ, ನಿನ್ನ ಕರಿಯಾಕತ್ತಾರ," ಎಂದೆ.

"ನನ್ನಲ್ರಿ, ವಕೀಲರನ್ನ. ಆರು ವರ್ಷ ಹಿಂಗಽ. ಕೂಗೂದು ನನ್ನ ಹೆಸರು, ಒಳಗ ಹೋಗೂದು ಅವರು. ನನಗ ಹೊಸ್ತಿಲ ದಾಟಬ್ಯಾಡ ಅಂದಾರ."

ಮೂರು ಕೂಗಿಗೂ ಯಾರೂ ಹೋಗದಿದ್ದರೆ ಗೈರುಹಾಜರಿ ಎಂದು ಬರೆಯುತ್ತಾರೆ. ಆಮೇಲೆ ಮೈದುನನ ಮಾತಷ್ಟೇ ಕೇಳಿ ತೀರ್ಪು...

ಎರಡನೆಯ ಕೂಗು. "ಫಕ್ಕೀರವ್ವ... ಕಿವಿ ಮನ್ಯಾಗ ಬಿಟ್ಟು ಬಂದೀರೇನ್ರಿ?"

"ತಂಗಿ, ಗುಡ್ಯಾಗ ಎಲ್ಲವ್ವನ ಮುಂದ ಮಾತಾಡಾಕ ನಿನಗ ಪೂಜಾರಿ ಬೇಕೇನು?" ಎಂದು ಕೇಳಿದೆ.

"ಯಾಕ್ರಿ? ನಾನಽ ಮಾತಾಡ್ತೀನಿ. ಸಿಟ್ಟು ಬಂದ್ರ ಬೈತೀನಿ ಸೈತ."

"ಹಂಗಾರ ಈ ಜಡ್ಜ್ ಸಾಹೇಬ್ರೇನು ಆಕಿಗಿಂತ ದೊಡ್ಡವರ?"

ಮೂರನೆಯ ಕೂಗು ಮುಗಿಯುವಷ್ಟರಲ್ಲಿ ಅವಳು ಎದ್ದಳು. ಚಪ್ಪಲಿ ಕಳಚಿ, ಕಟ್ಟನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಳು. ನಾನು ಬಾಗಿಲಲ್ಲಿ ನಿಂತೆ.

"ಪ್ರತಿವಾದಿ ಗೈರುಹಾಜರು, ಸ್ವಾಮಿ," ಎನ್ನುತ್ತಿದ್ದರು ಎದುರು ವಕೀಲರು.

"ಇಲ್ಲೇ ಅದೀನ್ರಿ."

ಕೋರ್ಟೇ ತಿರುಗಿ ನೋಡಿತು.

"ನಮ್ಮ ವಕೀಲರು ಬಿಟ್ಟು ಹೋದ್ರು. ನಾ ಬಿಟ್ಟು ಹೋಗಿಲ್ರಿ. ನಾಕು ದಿನ ಕೊಡ್ರಿ... ಬ್ಯಾರೆಯವರನ್ನ ನೋಡ್ಕೊಂತೀನಿ."

"ಬಿಡ್ತೀನಂತ ನಿಮಗೆ ಮೊದಲೇ ತಿಳಿಸಿದ್ರಾ?" ನ್ಯಾಯಾಧೀಶರು ಕೇಳಿದರು.

"ಈಗ ಹತ್ತೂವರಿಗೆ ಹೇಳಿದ್ರಿ."

ಅವರು ಮೂರು ವಾರದ ಆಚೆಗೆ ತಾರೀಖು ಕೊಟ್ಟರು. ಇದೇ ಆವರಣದಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಇದೆ, ಹೆಣ್ಣುಮಕ್ಕಳಿಗೆ ಅಲ್ಲಿ ಫೀ ಇಲ್ಲದೆ ವಕೀಲರನ್ನು ಕೊಡುತ್ತಾರೆ, ಇಂದೇ ಅರ್ಜಿ ಹಾಕಿ ಎಂದರು.

ಹೊರಗೆ ಬಂದು ಕುಳಿತವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕೇಳಿದಳು, "ನಿಮಗ ಯಾರದಾರ್ರಿ ಅಣ್ಣಾರ, ಮಾತಾಡಾಕ?"

ನಲವತ್ತೆಂಟು ವರ್ಷ ಎಲ್ಲ ಕಡೆ ನನ್ನ ಪರವಾಗಿ ಮಾತಾಡಿದ ಹೆಂಡತಿ ಶ್ರಾವಣದಲ್ಲಿ ತೀರಿಕೊಂಡಿದ್ದಳು. ನಾನು ಅವಳ ವಾರಸುದಾರನೆಂಬ ಪತ್ರಕ್ಕೇ ಅಲ್ಲಿಗೆ ಬಂದಿದ್ದೆ. ಹಿಂದಿನ ತಾರೀಖಿನಂದು ನನ್ನ ಹೆಸರು ಕೂಗಿದಾಗ ಏಳಲಾಗದೆ, ಸುಮ್ಮನೆ ಮನೆಗೆ ಹೋಗಿದ್ದೆ; ಕೋರ್ಟು ಇನ್ನೊಂದು ತಾರೀಖು ಕೊಟ್ಟಿತ್ತು.

ಜವಾನ ನನ್ನ ಹೆಸರು ಕೂಗಿದ.

ಮೊದಲನೆಯ ಕೂಗಿಗೇ ಎದ್ದೆ.

*ನಮ್ಮ ಪರ ನಿಂತವರು ನಡುವೆಯೇ ಬಿಟ್ಟು ಹೋಗಬಹುದು... ಭಗವಂತ ಕೂಗುವುದು ನಮ್ಮ ಹೆಸರನ್ನೇ.*

ನಿಮ್ಮ ಹೆಸರಿನ ಎಷ್ಟನೆಯ ಕೂಗು ಇದು... ಎದ್ದಿದ್ದೀರಾ?