ಗಾದ್ರಮ್ಮನ ಯಂತ್ರದ ಕರು

ಸುಳ್ಳು ಹೇಳುವಾಗ ನನ್ನ ದನಿ ನಡುಗುತ್ತದೆ. ಹಟ್ಟಿಯಿಂದ ಹಟ್ಟಿಗೆ ಅರ್ಧ ದಿನದ ದಾರಿಯಿರುವ ಈ ದನ ಮೇಯುವ ಕಾವಲಿಗೆ ಪಶು ಇಲಾಖೆಯ ವಿಸ್ತರಣಾಧಿಕಾರಿಯಾಗಿ ಬಂದಾಗಿನಿಂದ ನನಗಿರುವ ಭಯ ಅದೊಂದೇ.

ಇಲ್ಲಿ ಹುಟ್ಟಿದ ಕರುಗಳು ಈಗ ಉಳಿಯುವುದಿಲ್ಲ. ಕರು ಸತ್ತ ಹಸುವಿಗೆ ಕಚೇರಿಯಿಂದ ಯಂತ್ರದ ಕರು ಕೊಡುತ್ತೇವೆ. ಅದು ಬೆಚ್ಚಗಿರುತ್ತದೆ, ಕೆಚ್ಚಲಿಗೆ ಮೂತಿ ತಿವಿಯುತ್ತದೆ. ಹಸು ಅದನ್ನು ನೆಕ್ಕುತ್ತ ಹಾಲಿಳಿಸುತ್ತದೆ.

ನಾನು ಹೋದಾಗ ಹಟ್ಟಿಯ ಮುದುಕಿ ಗಾದ್ರಮ್ಮನ ಯಂತ್ರದ ಕರು ಕಾಲು ಮಡಚಿ ಬಿದ್ದಿತ್ತು. ಹೊಟ್ಟೆಯ ಮುಚ್ಚಳ ತೆಗೆದರೆ ಒಳಗೆಲ್ಲ ಹುಳಿ ಹಾಲಿನ ವಾಸನೆ.

“ಇದಕ್ಕೆ ಹಾಲು ಕುಡಿಸಿದ್ರಾ ದೊಡ್ಡವ್ವ?”

“ಮತ್ತೆ? ಕರ ಕುಡೀದೆ ನಾವು ಹೆಂಗವ್ವ ಕುಡಿಯೋದು? ನಮ್ಮ ಹಟ್ಟೀಲಿ ಆ ಪದ್ಧತಿ ಇಲ್ಲ. ಬಾಯಿ ಇಟ್ಟೋರು ಹೊಟ್ಟೆ ಇಡೋದು ಮರ್ತ್ರಾ?”

ನಗು ಬಂತು, ಆದರೆ ಉಳಿಯಲಿಲ್ಲ. ಹಸು ಆ ತಣ್ಣನೆಯ ಬೆನ್ನನ್ನು ಇನ್ನೂ ನೆಕ್ಕುತ್ತಿತ್ತು.

‘ರಿಪೇರಿಗೆ ಅಂತ ಹೇಳಿ ತಂದುಬಿಡಿ’ ಎಂದಿದ್ದರು ಕಚೇರಿಯ ಸಾಹೇಬರು. ನೆಲ ನೋಡುತ್ತ ಹಾಗೇ ಹೇಳಿದೆ. ಗಾದ್ರಮ್ಮ ಕರುವನ್ನು ತಮ್ಮ ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ಮಲಗಿಸಿದರು. ಹಸು ಕೂಗುತ್ತ ಹಿಂದೆಯೇ ಬಂತು.

“ಯಾವತ್ತು ತರ್ತೀಯವ್ವ? ಅಲ್ಲೀವರ್ಗೂ ಇದಕ್ಕೆ ಏನಾರ ಸಮಾಧಾನ ಹೇಳ್ಬೇಕಲ್ಲ. ಹೆತ್ತ ಕರ ಸತ್ತಾಗ ಮೇವೇ ಮುಟ್ಟಿರ್ಲಿಲ್ಲ.”

ಜೀಪಿನ ಬಾಗಿಲು ಹಿಡಿದು ನಿಂತೆ. ಈ ಸಲ ಸುಳ್ಳಲ್ಲದಿದ್ದರೂ ದನಿ ನಡುಗಿತು.

“ತರಲ್ಲ ದೊಡ್ಡವ್ವ. ಇಂಥ ಕರು ಮಾಡೋದನ್ನೇ ನಿಲ್ಲಿಸಿಬಿಟ್ಟಿದ್ದಾರೆ.”