ಸೋರಿಕೆ

ಅಡುಗೆಮನೆಯ ಅಟ್ಟದಲ್ಲಿ, ತೂತುಬಿದ್ದ ಬಕೆಟ್ಟಿನ ಹಿಂದೆ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಮೇಲೆ ಅಂಗಿಯ ಗುಂಡಿಗಳು, ದಾರದ ಉಂಡೆ. ಅವುಗಳ ಕೆಳಗೆ ನಾಲ್ಕು ಮಡಿಕೆ ಮಾಡಿದ ನೋಟುಗಳು. ಚೀಟಿ ಸಾಹೇಬರು ಸ್ಟೂಲಿನ ಮೇಲೆ ನಿಂತೇ ಎರಡು ಸಲ ಎಣಿಸಿದರು. ಮೂರು ಸಾವಿರದ ನಾನೂರ ಅರವತ್ತು.

"ಏನೇ ಇದು?"

"ದುಡ್ಡು," ಎಂದಳು ಹೆಂಡತಿ, ಪಾತ್ರೆ ತಿಕ್ಕುತ್ತಲೇ.

"ಅದು ನಂಗೂ ಕಾಣ್ತಿದೆ. ಇಲ್ಲಿಗೆ ಹೇಗೆ ಬಂತು?"

"ನಿಮ್ಮ ಜೇಬಿಂದಾನೇ. ಐದು, ಹತ್ತು ಅಂತ ನಡ್ಕೊಂಡು ಬಂತು. ತರಕಾರಿಗೆ ಅರವತ್ತಾದ್ರೆ ನಿಮ್ಮ ಹತ್ರ ಎಪ್ಪತ್ತು ಅಂತಿದ್ದೆ. ಯಾಕೆ ಅಂದ್ರೆ ನೋಡಿ, ತಿಂಗಳ ಕೊನೇಲಿ..."

"ಯಾಕೆ ಅನ್ನೋಕೆ ನನ್ನ ಲೆಕ್ಕದಲ್ಲಿ ಕಾಲಂ ಇಲ್ಲ!"

ಸಾಹೇಬರಿಗೆ ಕೋಪಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಕಾರ್ಖಾನೆಯ ಉಗ್ರಾಣ ಅವರ ಕೈಯಲ್ಲಿತ್ತು. ಅವರ ಚೀಟಿಯಿಲ್ಲದೆ ಒಂದು ಸ್ಕ್ರೂ ಕೂಡ ಹೊರಗೆ ಕಾಲಿಡುತ್ತಿರಲಿಲ್ಲ, ಆ ಹೆಸರು ಬಂದದ್ದೂ ಹಾಗೆಯೇ. ಹಿಂದಿನ ವಾರ ಟೈ ಕಟ್ಟಿದವನೊಬ್ಬ ಕಾರ್ಖಾನೆಗೆ ಬಂದು, ಹಣದ ಮೇಲೆ ಹಿಡಿತ ಸಾಧಿಸುವುದು ಹೇಗೆಂದು ಎರಡು ಗಂಟೆ ಕೊರೆದಿದ್ದ. ಪ್ರತಿ ಮನೆಯಲ್ಲೂ ಒಂದು ಸೋರಿಕೆ ಇದ್ದೇ ಇರುತ್ತದೆ, ದಿನದ ಖರ್ಚು ಬರೆದಿಡಿ, ತಾನಾಗಿ ಸಿಕ್ಕಿಬೀಳುತ್ತದೆ ಎಂದಿದ್ದ. ಸಾಹೇಬರಿಗೆ ಬರೆಯಲು ಶುರುಮಾಡುವ ಮೊದಲೇ, ಬರೀ ಪಾತ್ರೆಪಗಡ ಎಣಿಸಲು ಹತ್ತಿದಾಗಲೇ ಸಿಕ್ಕಿಬಿಟ್ಟಿತ್ತು.

ಮರುದಿನವೇ ಮೂರು ಸಾವಿರ ರೂಪಾಯಿ, ಐದು ವರ್ಷ ಮುಟ್ಟುವಂತಿಲ್ಲದ ಠೇವಣಿಗೆ ಹೋಯಿತು. ಮಿಕ್ಕ ನಾನೂರ ಅರವತ್ತಕ್ಕೆ ದಪ್ಪ ರಟ್ಟಿನ ಲೆಕ್ಕದ ಪುಸ್ತಕ, ಎರಡು ಬಣ್ಣದ ಪೆನ್ನು, ಒಂದು ಕಟ್ಟು ಚೀಟಿ ಬಂದವು. ವಸ್ತು ತೆಗೆದ ಜಾಗದಲ್ಲಿ ಕಾಗದ ಇಡದೆ ಬರುವುದು ಸಾಹೇಬರಿಗೆ ರೂಢಿಯಿಲ್ಲ. ಒಂದು ರಸೀದಿ ಬರೆದು, ಷರಾ ಸೇರಿಸಿ, ಸಹಿ ಹಾಕಿ, ಡಬ್ಬಿಯಲ್ಲಿ ಗುಂಡಿಗಳ ಕೆಳಗಿಟ್ಟು ಮುಚ್ಚಿದರು.

ಅಲ್ಲಿಂದ ಮನೆಯಲ್ಲಿ ಸೋಪು ಬೇಕಾದರೂ ಚೀಟಿ. ಉಗ್ರಾಣದಲ್ಲಿ ಸವೆದ ಭಾಗ ತೋರಿಸಿದವರಿಗೆ ಮಾತ್ರ ಹೊಸದು ಕೊಡುವ ಪದ್ಧತಿಯಿತ್ತು, ಅದನ್ನೂ ಮನೆಗೆ ತಂದರು. ಹಳೆಯ ಸೋಪಿನ ಚೂರು ಕಣ್ಣಾರೆ ನೋಡದೆ ಹೊಸದಕ್ಕೆ ಮಂಜೂರಾತಿ ಇಲ್ಲ.

"ಹಾಲು ಬೇಕು. ಹಳೇ ಹಾಲು ಎಲ್ಲಿಂದ ತೋರಿಸ್ಲಿ?" ಎಂದು ಹೆಂಡತಿ ಒಂದು ಬೆಳಿಗ್ಗೆ ಕೇಳಿದಳು.

"ಖಾಲಿ ಪ್ಯಾಕೆಟ್ ತೋರಿಸು," ಎಂದರು ಸಾಹೇಬರು, ನಗದೆ.

ಅರವತ್ತರ ತರಕಾರಿಗೆ ಈಗ ಅರವತ್ತೇ. ದಿನವೂ ಉಳಿದ ಹತ್ತಿಪ್ಪತ್ತು ಸಾಹೇಬರ ಜೇಬಿನಲ್ಲಿ ಬೆಚ್ಚಗೆ ಕೂತಿತು, ಆದರೆ ಬಹಳ ಹೊತ್ತು ಕೂರಲಿಲ್ಲ. ಗೆದ್ದವರು ತಮಗೆ ತಾವೇ ಸಣ್ಣಪುಟ್ಟ ಬಹುಮಾನ ಕೊಟ್ಟುಕೊಳ್ಳಬೇಕೆಂದು ಟೈನವನೇ ಹೇಳಿದ್ದನಲ್ಲ? ಹೊಸ ಬೆಲ್ಟು ಬಂತು. ಕ್ಯಾಲ್ಕುಲೇಟರ್ ಬಂತು. ದಿನಾ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವೆಲ್ಡರನೊಬ್ಬನಿಗೆ ಕಾಫಿ ಕುಡಿಸಿ ಬುದ್ಧಿ ಹೇಳುವುದು ಬೇರೆ. ಇವೆಲ್ಲ 'ಪ್ರೋತ್ಸಾಹ' ಎಂಬ ಕಾಲಮ್ಮಿನಲ್ಲಿ ನೀಲಿ ಶಾಯಿಯಲ್ಲಿ ದಾಖಲಾದವು. ಕೆಂಪು ಶಾಯಿ ಹೆಂಡತಿಯ ಖರ್ಚಿಗೆ ಮೀಸಲು.

"ಇಪ್ಪತ್ತನೇ ತಾರೀಕು ಬಂದ್ರೆ ಸಾಲಕ್ಕೆ ನಿಲ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?" ಎನ್ನುತ್ತಿದ್ದರು ವೆಲ್ಡರನಿಗೆ. " ನನ್ನ ಮದುವೆಯಾಗಿ ಹದಿನೆಂಟು ವರ್ಷ. ಒಂದು ತಿಂಗಳಾದ್ರೂ ನಾನು ಯಾರ ಮುಂದಾದ್ರೂ ಕೈ ಚಾಚಿದ್ದು ನೋಡಿದ್ದೀಯಾ? ಹಿಡಿತ ಕಣಯ್ಯ, ಹಿಡಿತ!"

ವೆಲ್ಡರ್ ಕಾಫಿ ಮುಗಿಯುವವರೆಗೂ ತಲೆಯಾಡಿಸುತ್ತಿದ್ದ. ಮಾತು ಮ್ಯಾನೇಜರ ಕಿವಿಗೂ ಬಿದ್ದು, ಇಪ್ಪತ್ತೇಳರ ಬೆಳಿಗ್ಗೆ ಎಲ್ಲ ಕೆಲಸಗಾರರ ಎದುರು ಸಾಹೇಬರೇ ಭಾಷಣ ಮಾಡಬೇಕೆಂದು ಗೊತ್ತಾಯಿತು. ಅವತ್ತಿನಿಂದ ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇಪ್ಪತ್ತಾರರ ಸಂಜೆ ಒಲೆ ಪುಸ್ಸೆಂದು ಆರಿತು. ಹೆಂಡತಿ ಹೊಸ ಸಿಲಿಂಡರಿಗೆ ಚೀಟಿ ಬರೆದು, ಖಾಲಿ ಸಿಲಿಂಡರನ್ನೂ ಉರುಳಿಸಿಕೊಂಡು ಬಂದು ಪದ್ಧತಿಯ ಪ್ರಕಾರ ಎದುರಿಗೆ ನಿಲ್ಲಿಸಿದಳು. ಸಾಹೇಬರು ಜೇಬು ತಡಕಿದರು, ಬೀರು ತೆರೆದರು, ಪುಸ್ತಕ ಹರಡಿಕೊಂಡು ಮೂರು ಸಲ ಕೂಡಿದರು. ಒಂದು ಕಾಸೂ ಆಚೀಚೆಯಾಗಿರಲಿಲ್ಲ. ಪುಸ್ತಕದ ಪ್ರಕಾರ ಕೈಯಲ್ಲಿ ಮೂವತ್ತೆಂಟು ಇರಬೇಕಿತ್ತು. ಮೂವತ್ತೆಂಟೇ ಇತ್ತು.

"ಪ್ರತಿ ತಿಂಗಳೂ ಸಾಕಾಗ್ತಿತ್ತಲ್ಲೇ?" ದನಿ ಸಣ್ಣಗಾಗಿತ್ತು.

"ಸಾಕಾಗ್ತಿತ್ತು."

"ಮತ್ತೆ ಈ ಸಲ ಏನಾಯ್ತು?"

"ಈ ಸಲ ನಾನು ಕದೀಲಿಲ್ಲವಲ್ಲ." ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮ ಜೇಬಲ್ಲಿ ಬಿಟ್ಟ ದುಡ್ಡು ಯಾವತ್ತು ಉಳಿದಿದೆ ರೀ? ಇಪ್ಪತ್ತೈದು ದಾಟಿದ ಮೇಲೆ ಈ ಮನೆ ನಡೀತಿದ್ದದ್ದೇ ಆ ಡಬ್ಬಿ ಮೇಲೆ, ಹದಿನೆಂಟು ವರ್ಷ. ಅವತ್ತು ಹೇಳೋಕೆ ಬಂದೆ. ಕಾಲಂ ಇಲ್ಲ ಅಂದ್ರಿ."

ಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು. ಬೆಳಗಾದರೆ ಭಾಷಣ. ಸಾಲವನ್ನೂ ಆ ಭಾಷಣ ಕೇಳಲು ಬರುವವರ ಹತ್ತಿರವೇ ಕೇಳಬೇಕು. ಅವರಿಗೆ ಒಂದೇ ಒಂದು ಆಸೆ ಉಳಿದಿತ್ತು. ಇವಳು ಜಾಣೆ, ಎಷ್ಟೇ ಕಾವಲಿದ್ದರೂ ಈ ತಿಂಗಳೂ ನಾಲ್ಕು ಕಾಸು ಕದ್ದೇ ಕದ್ದಿರುತ್ತಾಳೆ, ದೇವರೇ, ಕದ್ದಿರಲಿ ಎಂದು ಬೇಡಿಕೊಳ್ಳುತ್ತ ಸ್ಟೂಲು ಹತ್ತಿದರು. ಹೆಂಡತಿ ತಡೆಯಲಿಲ್ಲ.

ಬಕೆಟ್ಟಿನ ಹಿಂದೆ ಡಬ್ಬಿ ಇದ್ದಲ್ಲೇ ಇತ್ತು. ಗುಂಡಿಗಳನ್ನು ಸರಿಸಿ ಕೈ ಇಳಿಬಿಟ್ಟಾಗ ಕಾಗದದ ಮಡಿಕೆ ಬೆರಳಿಗೆ ತಾಗಿತು. ನೋಟೇ ಎಂದು ಹೊರಗೆಳೆದರು. ಬಿಡಿಸಿದರು. ತಮ್ಮದೇ ದುಂಡನೆಯ ಅಕ್ಷರ.

"ಮೂರು ಸಾವಿರದ ನಾನೂರ ಅರವತ್ತು ಮುಟ್ಟಿದೆ. ಷರಾ: ಸೋರಿಕೆಯನ್ನು ಪೂರ್ತಿಯಾಗಿ ನಿಲ್ಲಿಸಲಾಗಿದೆ."