ಹದಿನಾಲ್ಕನೇ ನಂಬರಿನ ಕೇಬಲ್

ಹಿತೇಶನ ಲ್ಯಾಪ್‌ಟಾಪಿನ ಪರದೆ ಕಪ್ಪಗಿತ್ತು. ಅದರ ಮೇಲೆ ಬಾಯಿ ತೆರೆದ ಡ್ರ್ಯಾಗನ್. ಪಕ್ಕದಲ್ಲಿ ಹಸಿರು ಅಕ್ಷರಗಳು ಇರುವೆಸಾಲಿನಂತೆ ಇಳಿಯುತ್ತಿದ್ದವು. ಕಿಟ್ಟಣ್ಣ ಹಿಂದಿನಿಂದ ಬಂದು ಪರದೆಯನ್ನು ಫಟ್ಟನೆ ಮಡಚಿದ.

“ಏನಿದು?”

“ಲಿನಕ್ಸ್, ಅಂಕಲ್. ಡರೋ ಮತ್. ಸಿರ್ಫ್ ಥೀಮ್ ಹೈ.”

“ಕಳ್ಳರ ಥೀಮಾ?”

ನವಿ ಮುಂಬಯಿಯ ಮಹಾಪೆಯಲ್ಲಿದ್ದ ಅವರ ಕಂಪನಿ ಹಡಗಿನ ಸರಕಿನ ಕಾಗದಪತ್ರ ಮಾಡಿಕೊಡುತ್ತಿತ್ತು. ನಲವತ್ತು ಕಂಪ್ಯೂಟರು, ಒಂದು ಸರ್ವರು. ಎಲ್ಲದರ ಉಸ್ತುವಾರಿ ಕಿಟ್ಟಣ್ಣನದು. ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಕಳದಿಂದ ಬಂದವನು, ತಂತಿ ಎಳೆಯುತ್ತ ಎಳೆಯುತ್ತಲೇ ಇಲ್ಲಿಯವರೆಗೆ ಬಂದಿದ್ದ. ಒಂದೊಂದು ಕೇಬಲ್ಲಿಗೂ ತನ್ನ ಕೈಯಾರೆ ನಂಬರ್ ಅಂಟಿಸಿದ್ದ. ವಿಂಡೋಸ್ ಅವನಿಗೆ ಅಂಗೈಯಷ್ಟು ಪರಿಚಯ. ಲಿನಕ್ಸ್‌ನಂಥ ಬೇರೆ ವ್ಯವಸ್ಥೆ ಏನು ಕಂಡರೂ ಅನುಮಾನ.

ಅನುಮಾನಕ್ಕೆ ಕಾರಣವೂ ಇತ್ತು. ಸೋಮವಾರ ಮ್ಯಾನೇಜರ್ ವಿಜಯಕುಮಾರ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ್ದರು. ಧಾರವಾಡದವರು, ಸುತ್ತಿ ಬಳಸಿ ಮಾತಾಡುವವರಲ್ಲ.

“ಹೆಡ್ ಆಫೀಸಿನವರು ಯಾರನ್ನೋ ಬಿಟ್ಟಾರ. ಈ ವಾರದಾಗ ನಮ್ಮ ನೆಟ್‌ವರ್ಕಿನಾಗ ನುಗ್ಗಿ ಪರೀಕ್ಷಾ ಮಾಡ್ತಾರಂತ. ಯಾರು ಅನ್ನೂದು ನನಗೂ ಹೇಳಿಲ್ಲ. ಒಳಗ ಬಂದ್ರಂದ್ರ ನಿಮ್ಮ ಖುರ್ಚಿ ಉಳಿಯೂದಿಲ್ಲ, ಕಿಟ್ಟಣ್ಣಾ. ಕಣ್ಣಾಗ ಎಣ್ಣಿ ಹಾಕ್ಕೊಂಡು ಕೂಡ್ರಿ.”

ಕಿಟ್ಟಣ್ಣನಿಗೆ ಐವತ್ತೆರಡು. ಈ ಖುರ್ಚಿ ಹೋದರೆ ಎಸ್ಸೆಸ್ಸೆಲ್ಸಿಯವನಿಗೆ ನವಿ ಮುಂಬಯಿಯಲ್ಲಿ ಇನ್ನೊಂದು ಖುರ್ಚಿ ಇಲ್ಲ. ಸುತ್ತ ನೋಡಿದ. ಕಚೇರಿಯಲ್ಲಿ ಹೊಸಬ ಒಬ್ಬನೇ, ತಿಂಗಳ ಹಿಂದೆ ಸೇರಿದ ಹಿತೇಶ್. ಅಪ್ಪ ಅಮ್ಮ ಮಂಗಳೂರಿನವರು. ಮಗ ಬಾಯಿ ತೆರೆದರೆ ಹಿಂದಿ.

ಮಂಗಳವಾರ ಮಧ್ಯಾಹ್ನ ಅದೇ ಹಿತೇಶ್ ಇನ್ನೊಂದು ಅಧಿಕಪ್ರಸಂಗ ಮಾಡಿದ. ಹತ್ತಿ ಸೀರೆ ಉಟ್ಟ ಹೆಂಗಸೊಬ್ಬರು ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗ ಮೇಲಿನ ಮಹಡಿಯ ಕಂಪನಿಯಲ್ಲಿದ್ದಾನೆ, ಅವನ ಮೀಟಿಂಗ್ ಮುಗಿಯುವ ತನಕ ಕೂರಬಹುದೇ ಎಂದು ಕೇಳುತ್ತಿದ್ದರು. ಹಿತೇಶ್ ಅಡ್ಡ ನಿಂತಿದ್ದ. “ಆಂಟಿ, ಪೆಹಲೇ ಆಯ್‌ಡಿ ದಿಖಾಯಿಯೇ.”

“ದಾದ ಅವು ಗಲಾಟೆ?” ಕಿಟ್ಟಣ್ಣ ಗದರಿದ. ಸಿಟ್ಟು ಬಂದಾಗ ಅವನ ಬಾಯಿಗೆ ಬರುವುದು ತುಳು.

ಹೆಂಗಸಿನ ಮುಖ ಅರಳಿತು. “ಈರೆನ ಊರು ಓಲು?”

ಹನ್ನೊಂದು ವರ್ಷದಲ್ಲಿ ಆ ಗಾಜಿನ ಕಟ್ಟಡದೊಳಗೆ ಅವನ ಊರು ಯಾವುದೆಂದು ಯಾರೂ ಕೇಳಿರಲಿಲ್ಲ.

“ಕಾರ್ಕಳ, ಅಕ್ಕ. ಕಿಟ್ಟಣ್ಣ ಅಂತ. ನಿಮ್ಮದು?”

“ಮೂಡುಬಿದಿರೆ. ಜಲಜಾಕ್ಷಿ ಅಂತ.”

ಪಕ್ಕದ ಊರು! ಕಿಟ್ಟಣ್ಣ ಹಿತೇಶನ ಮೇಲೆ ಹರಿಹಾಯ್ದ. “ತಾಯಿಯಂಥವರ ಹತ್ತಿರ ಐಡಿ ಕೇಳ್ತೀಯಲ್ಲ, ನಾಚಿಕೆ ಉಂಟಾ ನಿಂಗೆ? ಅವರಿಗೆ ನಿನ್ನ ಖುರ್ಚಿ ಕೊಡು. ಕೆಳಗೆ ಹೋಗಿ ಚಾ ಕುಡಿ, ತಲೆ ತಣ್ಣಗಾದ ಮೇಲೆ ಬಾ.”

ಹಿತೇಶ್ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟು ಹೋದ. ಜಲಜಾಕ್ಷಿ ಬುತ್ತಿ ಬಿಚ್ಚಿದರು. ಕೆಸುವಿನೆಲೆಯ ಪತ್ರೊಡೆ. ಕಿಟ್ಟಣ್ಣ ಎರಡು ತಿಂದ, ಮೂರನೆಯದಕ್ಕೆ ಬೇಡ ಎನ್ನಲಿಲ್ಲ. ಅವರ ಚೀಲದಲ್ಲಿ ಮಗನ ಹಳೆಯ ಲ್ಯಾಪ್‌ಟಾಪ್ ಇತ್ತು. ಊರಿಗೆ ಒಯ್ಯಬೇಕು, ಇಂಟರ್ನೆಟ್ಟೇ ಬರುವುದಿಲ್ಲ, ಯಾರಾದರೂ ಗೊತ್ತಿದ್ದವರು ನೋಡಬೇಕಷ್ಟೆ ಎಂದರು.

“ನಾನಿಲ್ವಾ ಅಕ್ಕ? ಕೊಡಿ ಇಲ್ಲಿ.”

ತೆರೆದರೆ ನೀಲಿ ಆಕಾಶ, ಹಸಿರು ಗುಡ್ಡ, ಮೂಲೆಯಲ್ಲಿ ಸ್ಟಾರ್ಟ್ ಬಟನ್. ಡ್ರ್ಯಾಗನ್ ಇಲ್ಲ, ಹಾಳುಮೂಳಿಲ್ಲ. ಮರ್ಯಾದಸ್ಥರ ಕಂಪ್ಯೂಟರ್. ಕಿಟ್ಟಣ್ಣ ಮೇಜಿನ ಮೇಲಿದ್ದ ಕೇಬಲ್ ತೆಗೆದು ಚುಚ್ಚಿದ. ನೆಟ್ ಬಂತು. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಆಚೆ ಹೋದ. ಮಾತು ಮುಗಿಸಿ ಬಂದಾಗ ಅಕ್ಕ ಚೀಲ ಹೆಗಲಿಗೇರಿಸಿ ಎದ್ದಿದ್ದರು.

“ನಿಮ್ಮಂಥವರು ಇರುವುದರಿಂದ ನಮ್ಮಂಥವರ ಕೆಲಸ ಆಗ್ತದೆ, ಕಿಟ್ಟಣ್ಣ.”

ಬುಧವಾರ ಬೆಳಿಗ್ಗೆ ಸರ್ವರಿನ ದಾಖಲೆ ತೆಗೆದು ನೋಡಿದ ಕಿಟ್ಟಣ್ಣ ಬೆವರಿದ. ಹಿಂದಿನ ದಿನ ಮಧ್ಯಾಹ್ನ ಯಾರೋ ಒಳಗೆಲ್ಲ ಓಡಾಡಿ ಹೋಗಿದ್ದರು. ಯಾವ ದಾರಿಯಿಂದ? ಒಂದೊಂದೇ ನಂಬರ್ ಹಿಡಿದು ಹುಡುಕಿದ. ಹದಿನಾಲ್ಕನೇ ಕೇಬಲ್. ಹಿತೇಶನ ಮೇಜು.

ಬೆವರು ಆರಿತು. ನುಗ್ಗಿದವನನ್ನು ತಾನೇ ಹಿಡಿದಾಗಿದೆ, ಇನ್ನು ಖುರ್ಚಿಗೆ ಏನು ಭಯ? ಕಾಲರ್ ಹಿಡಿದು ಹಿತೇಶನನ್ನು ಮ್ಯಾನೇಜರ ಮುಂದೆ ನಿಲ್ಲಿಸಿದ.

“ಪರೀಕ್ಷೆಗೆ ಬಂದವನಾದ್ರೆ ಹೆಡ್ ಆಫೀಸಿನ ಪತ್ರ ತೋರಿಸು. ಇಲ್ಲಾಂದ್ರೆ ನೀನು ಕಳ್ಳ.”

ಹಿತೇಶನ ಬಳಿ ಪತ್ರವಿರಲಿಲ್ಲ. “ಅಂಕಲ್, ಕಲ್ ಮೇರೀ ಕುರ್ಸೀ ಪೇ—”

“ಬಾಯಿ ಮುಚ್ಚು! ಕೇಬಲ್ ನಂಬರ್ ಸುಳ್ಳು ಹೇಳ್ತದಾ?”

ಊಟದ ಹೊತ್ತಿಗೆ ಹಿತೇಶ್ ತನ್ನ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು, ಬಿಸಿಲಲ್ಲಿ ಕೋಪರ್‌ಖೈರಣೆ ಸ್ಟೇಷನ್ನಿನ ಕಡೆ ನಡೆದ. ಕಿಟ್ಟಣ್ಣ ಕಿಟಕಿಯಿಂದ ನೋಡಿದ. ಪಾಪ ಅನ್ನಿಸಲಿಲ್ಲ.

ಮುಂದಿನ ಸೋಮವಾರ ಮ್ಯಾನೇಜರು ಕರೆದಾಗ, ಶಹಭಾಸ್‌ಗಿರಿಗೆ ತಯಾರಾಗಿ ಅಂಗಿ ಸರಿ ಮಾಡಿಕೊಂಡು ಹೋದ. ವಿಜಯಕುಮಾರ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ವರದಿಯನ್ನು ಅವನತ್ತ ತಳ್ಳಿದರು.

“ಪರೀಕ್ಷಾ ಮಂಗಳವಾರನ ಮುಗದಿತ್ತಂತ. ಓದ್ರಿ.”

ಮೊದಲ ಪುಟದಲ್ಲಿ ಒಂದೇ ಲ್ಯಾಪ್‌ಟಾಪಿನ ಎರಡು ಚಿತ್ರ. ಒಂದರಲ್ಲಿ ಕಪ್ಪು ಪರದೆ, ಹಸಿರು ಅಕ್ಷರ. ಇನ್ನೊಂದರಲ್ಲಿ ನೀಲಿ ಆಕಾಶ, ಹಸಿರು ಗುಡ್ಡ, ಮೂಲೆಯಲ್ಲಿ ಸ್ಟಾರ್ಟ್ ಬಟನ್. ಕೆಳಗೆ ಬರೆದಿತ್ತು: “ಎರಡೂ ಒಂದೇ ಲಿನಕ್ಸ್. ಮೇಲಿನ ಬಟ್ಟೆ ಮಾತ್ರ ಬೇರೆ.”

ಕಿಟ್ಟಣ್ಣ ಕೊನೆಯ ಪುಟ ತಿರುವಿದ.

“ಶಿಫಾರಸು: ಇಡೀ ಕಚೇರಿಯಲ್ಲಿ ನನ್ನನ್ನು ತಡೆದು ಗುರುತಿನ ಚೀಟಿ ಕೇಳಿದವರು ಹದಿನಾಲ್ಕನೇ ಕೇಬಲ್ಲಿನ ಮೇಜಿನವರೊಬ್ಬರೇ, ನೆಟ್‌ವರ್ಕಿನ ಉಸ್ತುವಾರಿಯನ್ನು ಅವರಿಗೇ ವಹಿಸಿ. — ಜಲಜಾಕ್ಷಿ, ಪರೀಕ್ಷಕಿ.”